ಟೊಮೇಟೊ ಮಂಡಿಗೆ ಬಿಲ್ಲಿಂಗ್ ಆ್ಯಪ್ ಮಾಡ್ಕೊಟ್ಟ ಹುಡುಗ್ರ ಬಗ್ಗೆ

ಕೋಲಾರ ಎಪಿಎಂಸಿಲಿ ನಮ್ದೊಂದು ಟೊಮೇಟೊ ಮಂಡಿ ಐತೆ. ಹಿಂದೆ ಒಂದು ಕಂಪ್ನಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋಕೆ ಕೊಟ್ಟಿದ್ವಿ, ನಾಲ್ಕು ತಿಂಗ್ಳು ಮುಖಾನೇ ತೋರಿಸ್ದೆ ಒಂದೇ ಸಲ ಪೂರ್ತಿ ಮಾಡಿ ತಂದಿಟ್ರು, ನಮ್ ಗುಮಾಸ್ತರು ಒಂದು ವಾರ ಒದ್ದಾಡಿ ಮತ್ತೆ ಪುಸ್ತಕಾನೇ ಹಿಡ್ಕೊಂಡ್ರು. ಈ ಸಲ ಊರಿನ ಮೂರು ಜನ ಹುಡುಗ್ರಿಗೆ ಕೊಟ್ವಿ.

ಮೊದಲ್ನೇ ದಿನ ಲ್ಯಾಪ್‌ಟಾಪೇ ತೆಗೀಲಿಲ್ಲ. ಡ್ರಾಯಿಂಗ್ ಶೀಟ್ ಮೇಲೆ ಪೆನ್ಸಿಲಲ್ಲಿ ಫೋನ್ ಸ್ಕ್ರೀನ್ ಬರ್ದು "ಅಣ್ಣ, ಇದೇ ಫೋನ್ ಅನ್ಕೊಂಡು ಇವತ್ತಿನ ಹರಾಜು ಹಾಕಿ" ಅಂದ್ರು. ಗುಮಾಸ್ತರು ಪೇಪರ್ ಮೇಲೆ ಬೆರಳಿಟ್ಟು ಎರಡನೇ ಲಾಟಿಗೇ ನಿಂತ್ಬಿಟ್ರು. "ರೇಟಿಗೆ ಒಂದೇ ಮನೆ ಇಟ್ಟಿದೀರಲ್ಲಪ್ಪ, ಒಬ್ಬನೇ ರೈತ 40 ಬಾಕ್ಸ್ ತಂದ್ರೆ ದಪ್ಪ ಹಣ್ಣಿಗೊಂದು ರೇಟು, ಸಣ್ಣದಕ್ಕೊಂದು ರೇಟು, ಎರಡನೇದು ಎಲ್ಲಿ ಹಾಕ್ಲಿ?" ಹುಡುಗ ರಬ್ಬರಲ್ಲಿ ಅಳ್ಸಿ ಅಲ್ಲೇ ಇನ್ನೊಂದು ಮನೆ ಬರ್ದ. ಇದೇ ಬದಲಾವಣೆಗೆ ಹಳೇ ಕಂಪ್ನಿ 18 ಸಾವಿರ ಕೇಳಿತ್ತು.

ಮುಂದಿನ ವಾರ ಫೋನಲ್ಲಿ ಒತ್ತೋ ಹಂಗೆ ತಂದ್ರು, ಒಂದೇ ಹೆಸ್ರಿನ ರೈತರು ತುಂಬ ಅಂತ ಆಗ ಗೊತ್ತಾಗಿ ವೇಮಗಲ್, ಸುಗಟೂರು ಅಂತ ಊರು ಮೊದ್ಲು ಬರೋ ಥರ ಮಾಡಿದ್ರು. ಮೂರನೇ ಸಲ ಬಿಸ್ಲಲ್ಲಿ ನಿಲ್ಸಿ ನೋಡಿ ನಂಬರ್ ಬಟನ್ ದೊಡ್ಡದು ಮಾಡಿದ್ರು. 2023ರ ಜುಲೈಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಅಂಥ ಟೈಮಲ್ಲಿ ಒಂದು ಸೊನ್ನೆ ತಪ್ಪಿದ್ರೆ ರೈತನ ಗತಿಯೇನು? ಪ್ರತಿ ಸಲ ಐದೇ ಜನಕ್ಕೆ ತೋರ್ಸಿ ನೋಡ್ತಿದ್ರು, ಅಷ್ಟು ಸಾಕಾ ಅಂತ ಹುಡುಗ್ರನ್ನ ಕೇಳಿದ್ದೆ. ವೆಬ್‌ಸೈಟು, ಸಾಫ್ಟ್‌ವೇರು ಜನಕ್ಕೆ ಬಳಸೋಕೆ ಸುಲಭ ಇದ್ಯಾ ಅಂತ ಪರೀಕ್ಷೆ ಮಾಡೋ ತಜ್ಞ ಜೇಕಬ್ ನೀಲ್ಸನ್ ಅನ್ನೋರು 2000ದಲ್ಲೇ ಬರ್ದಿದಾರಂತೆ, 15 ಜನಕ್ಕೆ ಒಂದೇ ಸಲ ತೋರ್ಸೋದಕ್ಕಿಂತ ಐದೈದು ಜನಕ್ಕೆ ಮೂರು ಸಲ ತೋರ್ಸಿ ಮಧ್ಯೆ ಮಧ್ಯೆ ತಿದ್ದೋದು ಒಳ್ಳೇದು ಅಂತ. ನಮ್ಮಲ್ಲಿ ಹಂಗೇ ಆಯ್ತು.

ತೊಂದ್ರೆನೂ ಹೇಳ್ತೀನಿ. ಹರಾಜಿನ ಗಲಾಟೇಲಿ ಇವ್ರಿಗೆ ಅರ್ಧ ಗಂಟೆ ಕೊಡೋದು ಕಷ್ಟ. ಎರಡನೇ ವಾರ ಸ್ಕ್ರೀನ್ ನೋಡಿ ನಮ್ ತಮ್ಮ ಎಲ್ಲಾ ಮುಗೀತು ಅನ್ಕೊಂಡಿದ್ದ, ಒಳಗೆ ಲೆಕ್ಕ ಮಾಡೋದು ಇನ್ನೂ ಏನೂ ಇರ್ಲಿಲ್ಲ, ಅದನ್ನ ಅವ್ರು ಮೊದ್ಲೇ ಬಿಡ್ಸಿ ಹೇಳ್ಬೇಕಿತ್ತು. ರೈತರಿಗೆ ಕೊಡೋ ಪಟ್ಟಿ, ಅಂದ್ರೆ ಬಿಲ್ಲು, ಪ್ರಿಂಟ್ ಆಗೋದು ಈಗ್ಲೂ ಸ್ವಲ್ಪ ನಿಧಾನ.

ಆದ್ರೂ ಐದಕ್ಕೆ ನಾಲ್ಕೂವರೆ ಸ್ಟಾರ್. ಮಂಗಳವಾರ ಖಾಲಿ ಕ್ರೇಟ್ ಲೆಕ್ಕಕ್ಕೆ ಬರ್ತಾರೆ, ನಮ್ ಗುಮಾಸ್ತರು ಆಗ್ಲೇ ಒಂದು ಹಳೇ ಪಟ್ಟಿ ಹಿಂದೆ ಅದರ ಸ್ಕ್ರೀನ್ ಬರ್ದು ಜೇಬಲ್ಲಿ ಇಟ್ಕೊಂಡವ್ರೆ.