ಇಪ್ಪತ್ತು ಮಳೆಮಾಪಕದ ಲೆಕ್ಕ: ಎಕ್ಸೆಲ್, ಪವರ್ ಬಿಐ, ಡಕ್‌ಡಿಬಿ

ಕೊಡಗಿನ 20 ಕಾಫಿ ತೋಟಗಳಲ್ಲಿ ನಮ್ಮ ಗೆಳೆಯರ ಗುಂಪು ಆಟೊಮ್ಯಾಟಿಕ್ ಮಳೆಮಾಪಕ ಇಟ್ಟಿದೆ. ಹತ್ತು ನಿಮಿಷಕ್ಕೊಂದು ಸಾಲು. ದಿನಕ್ಕೆ 144, ವರ್ಷಕ್ಕೆ 52,560. ಇಪ್ಪತ್ತೂ ಸೇರಿದರೆ 10,51,200. ಲೆಕ್ಕದ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ಎಕ್ಸೆಲ್‌ನಲ್ಲೇ ತೆರೆದೆ. ಏನೋ ಎಚ್ಚರಿಕೆ ಬಂತು, ಓದದೆ ಓಕೆ ಒತ್ತಿದೆ. ಚಾರ್ಟ್ ಚೆನ್ನಾಗೇ ಬಂತು. ಪಟ್ಟಿಯ ಕೊನೆಗಿದ್ದ ವಿರಾಜಪೇಟೆ ತೋಟದವರು ಫೋನ್ ಮಾಡಿದರು: "ಡಿಸೆಂಬರ್ ಕೊನೇ ವಾರ ಕಣದಲ್ಲಿದ್ದ ಕಾಫಿ ನೆಂದುಹೋಯ್ತು. ನಿಮ್ಮ ಚಾರ್ಟಲ್ಲಿ ಮಳೆನೇ ಇಲ್ವಲ್ಲ?" ನೋಡಿದರೆ ಅವರ ದಾಖಲೆ 13ನೇ ತಾರೀಕು ಸಂಜೆ 6:20ಕ್ಕೆ ನಿಂತುಬಿಟ್ಟಿತ್ತು. ಎಕ್ಸೆಲ್ ಶೀಟಿಗೆ 10,48,576 ಸಾಲೇ ಗಡಿ. ತಲೆಬರಹಕ್ಕೆ ಒಂದು ಹೋಯಿತು. ನಮ್ಮ 2,625 ಸಾಲು ಬೇಲಿಯಾಚೆ. ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿಯಿಂದ, ಶೀಟಿನ ಬದಲು ಅದರ ಹಿಂದಿನ ಡೇಟಾ ಮಾಡೆಲ್‌ಗೆ ತುಂಬಿಸಿದರೆ ಈ ಗಡಿ ಇಲ್ಲ. ಅದು ಗೊತ್ತಾಗಿದ್ದು ಆಮೇಲೆ.

ಮುಂದೆ ಮೈಕ್ರೋಸಾಫ್ಟಿನ ಚಾರ್ಟ್-ವರದಿ ತಂತ್ರಾಂಶ ಪವರ್ ಬಿಐಗೆ ಐದು ವರ್ಷದ್ದು, 52 ಲಕ್ಷ ಸಾಲು, ಇಂಪೋರ್ಟ್ ಮಾಡಿದೆ. ತಕರಾರಿಲ್ಲದೆ ನುಂಗಿತು, ಆದರೆ ಫೈಲ್ ಊದಿಕೊಂಡಿತು. ಅದು ಕಾಲಂ ಕಾಲಂ ಆಗಿ ಕುಗ್ಗಿಸಿಡುತ್ತದೆ. ಒಂದೇ ಮೌಲ್ಯ ಮತ್ತೆ ಮತ್ತೆ ಬಂದಷ್ಟೂ ಅದಕ್ಕೆ ಸುಲಭ. ತೋಟದ ಹೆಸರು 20 ಅಷ್ಟೇ. ದಿನಾಂಕ, ಸಮಯ ಒಂದೇ ಕಾಲಂನಲ್ಲಿದ್ದರೆ ಬೇರೆ ಬೇರೆ ಮೌಲ್ಯ 2.6 ಲಕ್ಷ! ಎರಡು ಕಾಲಂ ಮಾಡಿದೆ. ದಿನಾಂಕ 1,826, ಸಮಯ ಬರೀ 144. ಫೈಲ್ ಕಣ್ಣೆದುರೇ ಇಳಿಯಿತು. ಇಂಪೋರ್ಟ್ ಬದಲು ಪವರ್ ಬಿಐನ ಡೈರೆಕ್ಟ್‌ಕ್ವೆರಿಯನ್ನೂ ನೋಡಿದೆ. ಡೇಟಾ ಡೇಟಾಬೇಸಲ್ಲೇ ಇರುತ್ತದೆ, ಪ್ರತಿ ಕ್ಲಿಕ್ಕಿಗೂ ಅಲ್ಲಿಗೆ ಹೋಗಿ ಕೇಳಿ ಬರಬೇಕು. ಜೂನ್ ಮಳೆಯಲ್ಲಿ ಮಡಿಕೇರಿಯ ನೆಟ್ ನಂಬಿ ಅದನ್ನು ಮಾಡುವುದಾ? ಸುಮ್ನೆ ಚಕ್ರ ತಿರುಗುವುದನ್ನು ನೋಡುತ್ತಾ ಕೂರಬೇಕು.

ಡಕ್‌ಡಿಬಿ ನಮ್ಮ ಕಂಪ್ಯೂಟರಲ್ಲೇ ಓಡುವ ಡೇಟಾಬೇಸ್, ಪುಕ್ಕಟೆ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಠ್ಯದ) ಫೈಲ್ ಇದ್ದಲ್ಲೇ ಓದುತ್ತದೆ. ಪ್ರತಿ ತೋಟದ ಪ್ರತಿ ದಿನದ ಮಳೆ ಕೂಡಿಸಲು ತೋಟ, ದಿನಾಂಕದ ಮೇಲೆ ಒಂದು ಗ್ರೂಪ್ ಬೈ ಕೊಟ್ಟೆ, ವರ್ಷಕ್ಕೆ 7,300 ಸಾಲು ಉಳಿಯಿತು. ಚಾರ್ಟ್ ಇಲ್ಲ, ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಬರಲೇಬೇಕು. ಪರವಾಗಿಲ್ಲ, 7,300 ಸಾಲಿಗೆ ಹಳೇ ಎಕ್ಸೆಲ್ಲೇ ಜಾಸ್ತಿ ಆಯ್ತು, ಅಲ್ವಾ?

ಈಗ ಕೂಡಿಸುವುದು ಡಕ್‌ಡಿಬಿ, ತೋರಿಸುವುದು ಎಕ್ಸೆಲ್. ಹತ್ತು ನಿಮಿಷದ ಮಳೆ ಬಿಡಿಸಿ ನೋಡಬೇಕಾದರೆ ಮಾತ್ರ ಪವರ್ ಬಿಐ. ಆದರೂ ಮಾರ್ಚಿನಲ್ಲಿ ಎಲ್ಲರೂ ಕೇಳುವುದು ಒಂದೇ: "ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಎಷ್ಟು ಸೆಂಟ್ ಬಂತು?" ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ. ಮಿಲಿಮೀಟರನ್ನು 25.4ರಿಂದ ಭಾಗಿಸಿ ಇಂಚು ಮಾಡದೆ ಕಳಿಸಿದರೆ ಯಾರೂ ಓದುವುದಿಲ್ಲ.