ಹಿಂಜ್ ಇರುವ ಮೊಣಕಾಲು ಬೆಲ್ಟ್: ಯಾರಿಗೆ ಬೇಕು, ಹೇಗೆ ಕಟ್ಟಬೇಕು

ಮಳೆ ಬಿದ್ದ ಎರೆ ಹೊಲದಲ್ಲಿ ಪಾದ ಕೆಸರಿಗೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದಾಗ, ಕಬಡ್ಡಿಯಲ್ಲಿ ಎದುರಾಳಿ ಹೊರಗಡೆಯಿಂದ ಕಾಲಿನ ಮೇಲೆ ಬಿದ್ದಾಗ ಹೆಚ್ಚಾಗಿ ಪೆಟ್ಟಾಗುವುದು ಮೊಣಕಾಲಿನ ಒಳಬದಿಯ ಲಿಗಮೆಂಟ್‌ಗೆ (ಎಲುಬುಗಳನ್ನು ಹಿಡಿದಿಡುವ ನಾರಿನ ಪಟ್ಟಿಗೆ), ಅಂದರೆ ಎಂಸಿಎಲ್‌ಗೆ. ಕಲಬುರಗಿಯ ಮೆಡಿಕಲ್ ಅಂಗಡಿಯಲ್ಲಿ ‘ಮೊಣಕಾಲಿಗೆ ಬೆಲ್ಟ್ ಕೊಡ್ರಿ’ ಅಂದರೆ ಬಹಳ ಸಲ ಕೈಗೆ ಬರುವುದು ಎಲಾಸ್ಟಿಕ್ ಬಟ್ಟೆಯ ನೀ ಕ್ಯಾಪ್. ಅದು ಸ್ವಲ್ಪ ಬಿಗಿ, ಸ್ವಲ್ಪ ಬೆಚ್ಚಗೆ ಕೊಡುತ್ತದೆ, ಅಷ್ಟೇ. ಮೊಣಕಾಲು ಪಕ್ಕಕ್ಕೆ ವಾಲುವುದನ್ನು ಅದು ತಡೆಯುವುದಿಲ್ಲ. ತಡೆಯಬಲ್ಲದ್ದು ಎರಡೂ ಬದಿಗೆ ಹಿಂಜ್ (ಬಾಗಿಲಿನ ಕೀಲಿನಂತೆ ಮಡಚುವ ಲೋಹದ ಪಟ್ಟಿ) ಇರುವ ಬೆಲ್ಟ್, ಅಂದರೆ ಬ್ರೇಸ್. ಬೆಲೆ ಹಲವು ಪಟ್ಟು ಹೆಚ್ಚಾದರೂ, ಬೇಕಾದವರಿಗೆ ಅದು ದಂಡವಲ್ಲ.

ಬೇಕಾದವರು ಯಾರು? ಮೊದಲ ದರ್ಜೆಯ ಉಳುಕಿನಲ್ಲಿ ನಾರು ಎಳೆದಿರುತ್ತದೆ, ಕೀಲು ಸಡಿಲಾಗಿರುವುದಿಲ್ಲ. 1ರಿಂದ 3 ವಾರದಲ್ಲಿ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ, ನೀ ಕ್ಯಾಪ್ ಸಾಕು. ಎರಡನೇ ದರ್ಜೆಯಲ್ಲಿ ಲಿಗಮೆಂಟ್ ಅರ್ಧಂಬರ್ಧ ಹರಿದಿರುತ್ತದೆ, ಮೂರನೆಯದರಲ್ಲಿ ಪೂರ್ತಿ. ಹಿಂಜ್ ಬ್ರೇಸ್ ಇರುವುದು ಈ ಎರಡು ದರ್ಜೆಯವರಿಗೆ. ಎರಡನೆಯದಕ್ಕೆ ಸುಮಾರು 4ರಿಂದ 6 ವಾರ, ಮೂರನೆಯದಕ್ಕೆ ಇನ್ನೂ ಹೆಚ್ಚು. ಎಂಸಿಎಲ್ ಒಂದೇ ಹರಿದಿದ್ದರೆ ಬಹುಪಾಲು ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತದೆ. ಮೊಣಕಾಲಿನ ನಡುವೆ ಇರುವ ಇನ್ನೊಂದು ಲಿಗಮೆಂಟ್ ಎಸಿಎಲ್ ಹಾಗಲ್ಲ. ಪೂರ್ತಿ ಹರಿದ ಎಸಿಎಲ್‌ನ ಜಾಗವನ್ನು ಯಾವ ಬೆಲ್ಟೂ ತುಂಬಲಾರದು. ‘ಟಪ್’ ಅಂದ ಸದ್ದಿನ ಹಿಂದೆಯೇ ಎರಡು ಗಂಟೆಯೊಳಗೆ ಮೊಣಕಾಲು ಊದಿದರೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ, 90 ಡಿಗ್ರಿ ಮಡಚಲಾಗದಿದ್ದರೆ, ಕೀಲು ಒಂದೇ ಕಡೆ ಸಿಕ್ಕಿಕೊಂಡರೆ ಮೊದಲು ಮೂಳೆ ಡಾಕ್ಟರ್, ಆಮೇಲೆ ಬೆಲ್ಟ್. ತಿಕ್ಕಿಸುವುದು, ಬಿಸಿ ಕಾವು ಕೊಡುವುದು ಮೊದಲ ಮೂರು ದಿನ ಬೇಡವೇ ಬೇಡ, ಊತ ಹೆಚ್ಚುತ್ತದೆ. ಆ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15ರಿಂದ 20 ನಿಮಿಷ, ಎರಡು-ಮೂರು ಗಂಟೆಗೊಮ್ಮೆ ಇಡಿ.

ಅಂಗಡಿಯಲ್ಲಿ ಡಬ್ಬದ ಚಿತ್ರ ನಂಬಬೇಡಿ. ಕೆಲವದರಲ್ಲಿ ಪಕ್ಕಕ್ಕೆ ಇರುವುದು ಬರೀ ಸುರುಳಿ ಸ್ಪ್ರಿಂಗ್, ಹಿಂಜ್ ಅಲ್ಲ. ಬ್ರೇಸನ್ನು ಮೇಲೆ-ಕೆಳಗೆ ಹಿಡಿದು ಪಕ್ಕಕ್ಕೆ ಬಗ್ಗಿಸಿ ನೋಡಿ: ಲೋಹದ ಹಿಂಜ್ ಜಗ್ಗುವುದಿಲ್ಲ, ಸ್ಪ್ರಿಂಗ್ ಸುಲಭವಾಗಿ ಮಣಿಯುತ್ತದೆ. ಕಾಲುಚೀಲದಂತೆ ಏರಿಸುವ ಮಾದರಿಗಿಂತ ಮುಂದೆ ತೆರೆದು ಸುತ್ತುವ ಮಾದರಿ ಮೇಲು. ಊದಿದ ಮೊಣಕಾಲಿನ ಮೇಲೆ ಎಳೆದು ಏರಿಸುವುದೇ ಯಾತನೆ. ಊತ ಇಳಿದ ಮೇಲೆ ಅದೇ ಸೈಜು ಸಡಿಲಾಗುತ್ತದೆ. ಸುತ್ತುವ ಮಾದರಿಯನ್ನು ಬಿಗಿ ಮಾಡಿಕೊಳ್ಳಬಹುದು. ಅಳತೆ ಎಲ್ಲಿ ತೆಗೆಯಬೇಕೆಂದು ಡಬ್ಬದ ಮೇಲೆ ಇರುತ್ತದೆ, ಟೇಪ್ ಹಿಡಿದೇ ಕೊಳ್ಳಿ. ಪ್ಯಾಂಟಿನ ಸೈಜು ಹೇಳಿ ತಂದದ್ದು ಕೂರುವುದಿಲ್ಲ.

ಕಟ್ಟುವಾಗ ಕುರ್ಚಿಯಲ್ಲಿ ಕೂತು ಕಾಲನ್ನು ಸ್ವಲ್ಪ ಮಡಚಿ. ಮುಂದಿನ ತೂತು ಮೊಣಕಾಲು ಚಿಪ್ಪಿನ ಮೇಲೆ, ಹಿಂಜ್‌ಗಳ ನಡುಭಾಗ ಚಿಪ್ಪಿನ ನಡುವಿನ ಮಟ್ಟಕ್ಕೆ ಬರಲಿ. ಹಿಂಜ್ ಇಳಿದರೆ ಕಾಲು ಮಡಚಿದಾಗಲೆಲ್ಲ ಬ್ರೇಸ್ ಜಾರುತ್ತದೆ. ಮೊದಲು ಮೀನಖಂಡದ ಪಟ್ಟಿ, ಆಮೇಲೆ ತೊಡೆಯದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಮೊಣಕಾಲಿನ ಹೊರಬದಿಗೆ ಸ್ವಲ್ಪ ಕೆಳಗೆ ಎಲುಬಿನ ಗುಬ್ಬಿ ಕೈಗೆ ಸಿಗುತ್ತದಲ್ಲ, ಅದರ ಪಕ್ಕದಲ್ಲೇ ನರ ಹಾದುಹೋಗುತ್ತದೆ. ಅಲ್ಲಿ ಪಟ್ಟಿ ಒತ್ತಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಪಾದ ಮೇಲೆತ್ತಲು ಕಷ್ಟವಾಗುತ್ತದೆ. ಹಾಗಾದರೆ ಕೂಡಲೇ ಬಿಚ್ಚಿ, ಪಟ್ಟಿಯ ಜಾಗ ಬದಲಿಸಿ. ಜೋಮು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಈ ಬ್ರೇಸ್‌ಗೆ ನಿಜವಾದ ತೊಡಕು ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ದಪ್ಪ ನಿಯೋಪ್ರೀನ್ (ರಬ್ಬರಿನಂಥ ಬಟ್ಟೆ) ಒಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ಗಾಳಿಯಾಡುವ ಜಾಳಿಗೆ ಬಟ್ಟೆಯದನ್ನೇ ಕೇಳಿ. ಒಳಗೆ ಹತ್ತಿ ಬಟ್ಟೆ ಸುತ್ತಿದರೆ ತಂಪು ಹೌದು, ಆದರೆ ಬ್ರೇಸ್ ಜಾರುತ್ತದೆ. ಅದಕ್ಕಿಂತ ಡಾಕ್ಟರ್ ಒಪ್ಪಿದರೆ ಕೂತಾಗ ಬಿಚ್ಚಿ ಒರೆಸಿಕೊಳ್ಳುವುದು ಒಳ್ಳೆಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಲ್ಲಿ ಕೂರುವ ಸಂಡಾಸು ಎರಡನ್ನೂ ಸದ್ಯ ಬಿಡಬೇಕು. ಕಮೋಡ್ ಕುರ್ಚಿ ಮೆಡಿಕಲ್‌ಗಳಲ್ಲೇ ಸಿಗುತ್ತದೆ.

ಬ್ರೇಸ್ ಕಾವಲು ಕಾಯುತ್ತದೆ, ಬಲ ಕೊಡುವುದು ತೊಡೆಯ ಸ್ನಾಯು. ಕಾಲು ಚಾಚಿ, ಮೊಣಕಾಲಿನ ಕೆಳಗೆ ಮಡಚಿದ ಟವೆಲ್ ಇಟ್ಟು ಅದನ್ನು ಒತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ, ನೋವು ತಡೆಯುವಷ್ಟೇ. ಇದನ್ನು ಬಿಟ್ಟು ಬರೀ ಬೆಲ್ಟ್ ಕಟ್ಟಿಕೊಂಡವರ ತೊಡೆ ಸೊರಗುತ್ತದೆ, ಬಿಚ್ಚಿದ ದಿನ ಮೊಣಕಾಲು ನಡುಗುತ್ತದೆ.

ಒಗೆಯುವ ಮುನ್ನ ಹಿಂಜ್ ತೆಗೆಯಿರಿ, ವೆಲ್ಕ್ರೋ ಮುಚ್ಚಿ, ತಣ್ಣೀರಿನಲ್ಲಿ ಮೆತ್ತನೆಯ ಸೋಪಿನಿಂದ ಕೈಯಲ್ಲೇ ಒಗೆದು ನೆರಳಲ್ಲಿ ಹರವಿ. ಮಾಳಿಗೆಯ ಬಿಸಿಲಿಗೆ ಹಾಕಿದರೆ ಎಲಾಸ್ಟಿಕ್ ಬೇಗ ಸತ್ತುಹೋಗುತ್ತದೆ. ವೆಲ್ಕ್ರೋದಲ್ಲಿ ನೂಲು, ಒಣಗಿದ ಎರೆ ಮಣ್ಣು ಸೇರಿದರೆ ಹಿಡಿತ ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ.