ಆರ್‌ಸಿ ಕಾರಿನ ಬ್ಯಾಟರಿಗೆ ಯಾವ ಚಾರ್ಜರ್? ಮೂರನ್ನೂ ಬಳಸಿ ನೋಡಿದ ಮೇಲೆ

ಆರ್‌ಸಿ ಕಾರು, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರು, ಕೊಳ್ಳುವವರು ಮೋಟರ್ ಯಾವುದು, ಎಷ್ಟು ವೇಗ ಓಡುತ್ತದೆ ಎಂದೆಲ್ಲ ವಿಚಾರಿಸುತ್ತಾರೆ. ಚಾರ್ಜರ್ ವಿಷಯ ಬಂದರೆ ಡಬ್ಬಿಯಲ್ಲಿ ಬಂದದ್ದೇ ಸಾಕು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕೈಯಲ್ಲಿರುವ ದುಡ್ಡಿನಲ್ಲಿ ಮೊದಲ ಪಾಲು ಚಾರ್ಜರಿಗೆ ಹೋಗಬೇಕು, ಎರಡನೇ ಬ್ಯಾಟರಿ ಪ್ಯಾಕ್ ಆಮೇಲೆ ಬಂದರೂ ನಡೆಯುತ್ತದೆ. ಪ್ಯಾಕಿಗೆ ಕರೆಂಟ್ ತುಂಬಿಸಲು ಯಾವ ಅಡಾಪ್ಟರಿಗೂ ಬರುತ್ತದೆ, ತುಂಬಿತು ಎಂದು ಗುರುತಿಸಿ ನಿಲ್ಲಿಸಲು ಎಲ್ಲಕ್ಕೂ ಬರುವುದಿಲ್ಲ.

ಹೋಲಿಸಲು ನನ್ನ ಬಳಿ ಎರಡು ಪ್ಯಾಕ್ ಇದ್ದವು, ಎರಡೂ ನಿಜ ಕಾರಿನ ಹತ್ತನೇ ಒಂದು ಅಳತೆಯ ಕಾರಿನವು. ಒಂದು ಬಿಳಿ ಟಮಿಯಾ ಪ್ಲಗ್ಗಿನ, 7.2 ವೋಲ್ಟ್, ಚಾರ್ಜ್ ಹಿಡಿಯುವ ಸಾಮರ್ಥ್ಯದಲ್ಲಿ 3000 ಎಂಎಎಚ್‌ನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಕವಚದ 2ಎಸ್ (ಅಂದರೆ ಎರಡು ಸೆಲ್ಲಿನ), 5000 ಎಂಎಎಚ್ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಪ್ಯಾಕ್. ಚಾರ್ಜರ್ ಮೂರು: ಕಾರಿನ ಜೊತೆ ಬಂದ ಗೋಡೆ ಅಡಾಪ್ಟರ್, ಬಿ3 ಮಾದರಿಯ ಪುಟ್ಟ ಬ್ಯಾಲೆನ್ಸ್ ಚಾರ್ಜರ್, ಮತ್ತು ಸ್ಕೈಆರ್‌ಸಿಯ ಐಮ್ಯಾಕ್ಸ್ ಬಿ6ಎಸಿ (ಮುಂದೆ ಬರೀ ಬಿ6).

ಗೋಡೆ ಅಡಾಪ್ಟರ್ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಅದು ಕೊಡುವುದು 300 ಮಿಲಿಆಂಪ್ ಆಸುಪಾಸು. ನಿಕಲ್ ಪ್ಯಾಕಿಗೆ ಹೋದ ಕರೆಂಟಿನಲ್ಲಿ ಒಂದಿಷ್ಟು ಬಿಸಿಯಾಗಿಯೇ ಕಳೆದುಹೋಗುವುದರಿಂದ 3000ದ ಪ್ಯಾಕ್ ತುಂಬಲು ಹತ್ತು ಗಂಟೆ ಸಾಲದು, ಹದಿನಾಲ್ಕು ಹದಿನೈದು ಗಂಟೆ ಬೇಕು. ರಾತ್ರಿ ಹಾಕಿ ಬೆಳಿಗ್ಗೆ ನೆನಪಿಟ್ಟುಕೊಂಡು ನಾವೇ ಕಿತ್ತುಹಾಕಬೇಕು, ಏಕೆಂದರೆ ಅದಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆಯೇ ಇಲ್ಲ. ಇಷ್ಟು ಸಣ್ಣ ಕರೆಂಟಿನಿಂದ ನಿಕಲ್ ಪ್ಯಾಕ್ ತಕ್ಷಣ ಕೆಡುವುದಿಲ್ಲ, ನಿಜ. ಆದರೆ ತುಂಬಿದ ಮೇಲೂ ಬೆಚ್ಚಗಾಗುತ್ತಾ ಕುಳಿತರೆ ಅದರ ಆಯಸ್ಸು ಕುಗ್ಗುತ್ತದೆ. ಇದನ್ನು ಲಿಪೋಗೆ ಯಾವ ಕಾರಣಕ್ಕೂ ಸಿಕ್ಕಿಸಬಾರದು. 4.2 ವೋಲ್ಟ್ ದಾಟಿದ ಲಿಪೋ ಸೆಲ್ ಊದಿಕೊಳ್ಳುತ್ತದೆ, ಬೆಂಕಿಯೂ ಹತ್ತಬಹುದು. ಈ ಮಾತು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಬಿ3 ಮೇಲೆ ನನಗೆ ಗೌರವವಿದೆ. ಪ್ಯಾಕಿನ ಸಣ್ಣ ಬಿಳಿ ಬ್ಯಾಲೆನ್ಸ್ ಪ್ಲಗ್ ಸಿಕ್ಕಿಸಿದರೆ ಸಾಕು. ಒತ್ತಲು ಬಟನ್ ಇಲ್ಲ, ತಪ್ಪಾಗಿ ಆರಿಸಲು ಮೆನು ಇಲ್ಲ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ 4.2 ವೋಲ್ಟಿಗೆ ತಂದು ಹಸಿರು ದೀಪ ತೋರಿಸುತ್ತದೆ. ಅದರ ಕೊರತೆ ವೇಗ. 800 ಮಿಲಿಆಂಪ್ ಆಸುಪಾಸಿನಲ್ಲಿ 5000ದ ಪ್ಯಾಕ್ ತುಂಬಲು ಆರು ಗಂಟೆ ಮೀರುತ್ತದೆ. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ ಒಂದೇ ಪ್ಯಾಕ್ ಓಡಿಸಿ ಬರುವವರಿಗೆ ಅಡ್ಡಿಯಿಲ್ಲ. ಸಣ್ಣ ಕಾರುಗಳ 1500 ಎಂಎಎಚ್ ಪ್ಯಾಕ್ ಆದರೆ ಎರಡು ಗಂಟೆಯ ಮಾತು, ಅಲ್ಲಿ ನಾನು ಈಗಲೂ ಇದನ್ನೇ ಬಳಸುತ್ತೇನೆ. ನಿಕಲ್ ಪ್ಯಾಕಿಗೆ ಮಾತ್ರ ಇದು ಉಪಯೋಗಕ್ಕೆ ಬಾರದು.

ನಿಕಲ್ ಪ್ಯಾಕ್ ಮತ್ತು ಲಿಪೋ ತುಂಬುವ ಬಗೆಯೇ ಬೇರೆ, ಬಿ6 ತನ್ನ ಬೆಲೆಯನ್ನು ಸಾರ್ಥಕ ಮಾಡುವುದು ಇಲ್ಲೇ. ಲಿಪೋದ ಲೆಕ್ಕ ನೇರ: 4.2 ವೋಲ್ಟ್ ಮುಟ್ಟುವವರೆಗೆ ಒಂದೇ ಕರೆಂಟ್, ಆಮೇಲೆ ವೋಲ್ಟೇಜ್ ಅಲ್ಲೇ ನಿಲ್ಲಿಸಿ ಕರೆಂಟ್ ಇಳಿಸುತ್ತಾ ಹೋಗುವುದು. ನಿಕಲ್ ಪ್ಯಾಕಿಗೆ ಹೀಗೆ ನಿಗದಿಯಾದ ಗಡಿ ಇಲ್ಲ. ತುಂಬುತ್ತಾ ಏರಿದ ವೋಲ್ಟೇಜ್, ಪೂರ್ತಿ ತುಂಬಿದಾಗ ಕೂದಲೆಳೆಯಷ್ಟು ಇಳಿಯುತ್ತದೆ. ಪ್ರತಿ ಸೆಲ್ಲಿಗೆ ಕೆಲವೇ ಮಿಲಿವೋಲ್ಟಿನ ಆ ಇಳಿಕೆಯನ್ನು ಹಿಡಿದು ಚಾರ್ಜರ್ ನಿಲ್ಲಬೇಕು. ಕರೆಂಟ್ ಕಡಿಮೆ ಇಟ್ಟಷ್ಟೂ ಆ ಇಳಿಕೆ ಮಸುಕಾಗುತ್ತದೆ. ನಿಧಾನಕ್ಕೆ ತುಂಬಿದರೆ ಬ್ಯಾಟರಿಗೆ ಒಳ್ಳೆಯದು ಎಂದು 3000ದ ಪ್ಯಾಕಿಗೆ ಅರ್ಧ ಆಂಪ್ ಇಟ್ಟರೆ ಚಾರ್ಜರಿಗೆ ಆ ಇಳಿಕೆ ಕಾಣದೇ ಹೋಗಬಹುದು. ನಾನು 2 ಆಂಪ್ ಇಡುತ್ತೇನೆ, ಚಾರ್ಜ್ ಮುಗಿಯುವ ಹೊತ್ತಿಗೆ ಪ್ಯಾಕ್ ಕೈಗೆ ಬೆಚ್ಚಗೆ ತಾಗುತ್ತದೆ ಅಷ್ಟೆ.

ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ನಿಕಲ್ ಪ್ಯಾಕ್ ಹಾಕಿದಾಗ ಬಿ6 ಐದೇ ನಿಮಿಷಕ್ಕೆ ತುಂಬಿತು ಎಂದು ನಿಂತುಬಿಡುವುದುಂಟು. ಚಾರ್ಜರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳೆಯ ಸೆಲ್ಲುಗಳ ವೋಲ್ಟೇಜ್ ಮೊದಲ ಕೆಲವು ನಿಮಿಷ ಹೊಯ್ದಾಡುತ್ತದೆ, ಚಾರ್ಜರ್ ಅದನ್ನೇ ಕೊನೆಯ ಇಳಿಕೆ ಎಂದು ತಿಳಿಯುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಮುಂದುವರಿಯುತ್ತದೆ. ಇದಕ್ಕೆ ವಿರುದ್ಧದ ಅಪಾಯ, ಅಂದರೆ ನಿಲ್ಲದೇ ಹೋಗುವುದು, ತಪ್ಪಿಸಲು ಎಂಎಎಚ್ ಮಿತಿಯೂ ಟೈಮರೂ ಇವೆ. 3000ದ ಪ್ಯಾಕಿಗೆ 3600 ಎಂಎಎಚ್ ಮಿತಿ ಇಟ್ಟರೆ ಇಳಿಕೆ ತಪ್ಪಿದರೂ ಅಲ್ಲಿಗೆ ನಿಲ್ಲುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಹೆಚ್ಚಿನವರು ತೆರೆದೂ ನೋಡುವುದಿಲ್ಲ ಎಂಬುದು ನನ್ನ ಬೇಸರ.

ಲಿಪೋಗೆ ಬಿ6ನಲ್ಲಿ ಯಾವಾಗಲೂ ಬ್ಯಾಲೆನ್ಸ್ ಮೋಡ್. ಸ್ಟಾರ್ಟ್ ಬಟನ್ ಒತ್ತಿ ಹಿಡಿದಾಗ ಪರದೆಯಲ್ಲಿ 'ಆರ್' ಮತ್ತು 'ಎಸ್' ಎಂದು ಎರಡು ಸಂಖ್ಯೆ ಬರುತ್ತವೆ: ಮೊದಲನೆಯದು ಚಾರ್ಜರ್ ಕಂಡ ಸೆಲ್ ಸಂಖ್ಯೆ, ಎರಡನೆಯದು ನಾವು ಆರಿಸಿದ್ದು. ಎರಡೂ ಒಂದೇ ಇದ್ದರೆ ಮಾತ್ರ ಮುಂದಕ್ಕೆ. 5000ದ ಪ್ಯಾಕಿಗೆ 5 ಆಂಪ್ ಇಟ್ಟರೆ ಒಂದು ಗಂಟೆ ಚಿಲ್ಲರೆಯಲ್ಲಿ ಸಿದ್ಧ. ಪ್ಯಾಕಿನ ಮೇಲೆ ದೊಡ್ಡದಾಗಿ 50ಸಿ ಎಂದು ಬರೆದಿರುವುದು ಕಾರು ಎಳೆದುಕೊಳ್ಳುವ ಕರೆಂಟಿಗೆ ಸಂಬಂಧಿಸಿದ್ದು, ಅದನ್ನು ನೋಡಿ ಚಾರ್ಜ್ ಕರೆಂಟ್ ಏರಿಸಬಾರದು.

ಬಿ6ನ ಮಿತಿ 50 ವ್ಯಾಟ್. 2ಎಸ್‌ಗೆ 8.4 ವೋಲ್ಟ್, 5 ಆಂಪ್ ಎಂದರೆ 42 ವ್ಯಾಟ್, ಆರಾಮಾಗಿ ನಿಭಾಯಿಸುತ್ತದೆ. 3ಎಸ್ ಪ್ಯಾಕ್ ಹಾಕಿದರೆ 12.6 ವೋಲ್ಟಿನಲ್ಲಿ 63 ವ್ಯಾಟ್ ಬೇಕು. ನಾವು 5 ಆಂಪ್ ಎಂದು ಹೇಳಿದರೂ ಕೊನೆಗೆ ಅದು ಕೊಡುವುದು 4 ಆಂಪ್. 3ಎಸ್ ಕಾರಿನ ಆಸೆ ಇರುವವರು ಈಗಲೇ ನೂರು ವ್ಯಾಟಿನದ್ದು ನೋಡುವುದು ವಾಸಿ. ಅದಕ್ಕಿಂತ ದೊಡ್ಡ ಕೊರತೆ ಡಿಸ್ಚಾರ್ಜ್. ಮಳೆ ಬಂದು ಓಡಿಸಲಾಗದ ದಿನ, ಪೂರ್ತಿ ತುಂಬಿದ ಲಿಪೋವನ್ನು ಸ್ಟೋರೇಜಿನ, ಅಂದರೆ ಬಳಸದೆ ಎತ್ತಿಡುವಾಗ ಇರಬೇಕಾದ, ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಬೇಕು ಎಂದರೆ 5 ವ್ಯಾಟಿನಲ್ಲಿ ನಾಲ್ಕೈದು ಗಂಟೆ ಹಿಡಿಯುತ್ತದೆ. ಹಾಗಾಗಿ ನಾನು ಹಿಂದಿನ ರಾತ್ರಿ ತುಂಬಿಸಿಡುವುದನ್ನು ಬಿಟ್ಟಿದ್ದೇನೆ. ಆಕಾಶ ನೋಡಿಕೊಂಡು ಹೊರಡುವ ಬೆಳಿಗ್ಗೆಯೇ ಚಾರ್ಜ್, ನಾನು ಅಲ್ಲೇ ಎಚ್ಚರವಾಗಿ ಕುಳಿತಿರುವಾಗ, ನೆಲದ ಟೈಲ್ಸ್ ಮೇಲೆ.

ಕೊಳ್ಳುವಾಗ ಒಂದು ಎಚ್ಚರ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬಿ6 ಹೆಸರಿನ ನಕಲುಗಳೂ ಓಡಾಡುತ್ತವೆ, ನೋಡಲು ಒಂದೇ ಥರ. ತಂದ ದಿನ ಮೊದಲ ಚಾರ್ಜ್ ಮುಗಿದ ಕೂಡಲೇ ಮಲ್ಟಿಮೀಟರಿನಲ್ಲಿ ಒಂದೊಂದು ಸೆಲ್ ಅಳೆಯಿರಿ. 4.20 ಅಥವಾ ಅದಕ್ಕಿಂತ ಕೂದಲೆಳೆ ಕಡಿಮೆ ಇದ್ದರೆ ಸರಿ. 4.25 ತೋರಿಸಿದರೆ, ಮೀಟರ್ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಆ ಚಾರ್ಜರ್ ವಾಪಸ್ ಕೊಡಿ.

ಮಕ್ಕಳಿಗೆ ಮೊದಲ ಕಾರು ಕೊಡಿಸುವವರಿಗೆ ನನ್ನ ಸಲಹೆ ನಿಕಲ್ ಪ್ಯಾಕ್ ಮತ್ತು ಬಿ6. ಬಿದ್ದು ಪೆಟ್ಟು ತಿಂದರೂ, ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೂ ನಿಕಲ್ ಲಿಪೋಗಿಂತ ಸಹಿಸಿಕೊಳ್ಳುತ್ತದೆ. ಮುಂದೆ ಲಿಪೋ ಬಂದಾಗ ಚಾರ್ಜರ್ ಅದೇ ಸಾಕು. ಮೈದಾನದಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೂ ಬಿ6 ಕೈಬಿಡುವುದಿಲ್ಲ: 11ರಿಂದ 18 ವೋಲ್ಟ್ ಡಿಸಿ ತೆಗೆದುಕೊಳ್ಳುವುದರಿಂದ ನಾವು ಬಂದ ದೊಡ್ಡ ಕಾರಿನ ಬಾನೆಟ್ ತೆರೆದು 12 ವೋಲ್ಟ್ ಬ್ಯಾಟರಿಗೆ ಕ್ಲಿಪ್ ಹಾಕಿದರಾಯಿತು. ಆದರೆ ಓಡಿಸಿ ಬಿಸಿಯಾದ ಪ್ಯಾಕನ್ನು ಹಾಗೇ ಸಿಕ್ಕಿಸಬಾರದು. ಬೇಸಿಗೆಯಲ್ಲಿ ನೆರಳಲ್ಲಿಟ್ಟು ಅರ್ಧ ಗಂಟೆಯಾದರೂ ಆರಲು ಬಿಡಿ, ಮುಟ್ಟಿದರೆ ತಣ್ಣಗಿರಬೇಕು. ಬನಾನಾ ಪ್ಲಗ್ಗಿನ ವೈರನ್ನು ಮೊದಲು ಚಾರ್ಜರಿಗೆ, ಆಮೇಲೆ ಪ್ಯಾಕಿಗೆ ಸೇರಿಸಿ. ಈ ಕ್ರಮ ತಿರುವುಮುರುವಾದರೆ ತೆರೆದ ಎರಡು ಪಿನ್ ಒಂದಕ್ಕೊಂದು ತಾಗಿ ಕಿಡಿ ಹಾರಬಹುದು.